ಮೊದಲ ವರ್ಷದ ಹೂವು ಸಾಕ್ಷಿಯಲ್ಲ

ಕೈತೋಟದಲ್ಲಿ ಲಿಲ್ಲಿ ಬೆಳೆಸಬೇಕೆಂದರೆ ಹಾಲೆಂಡಿನಿಂದ ಬಂದ ಗೆಡ್ಡೆಯನ್ನೇ ತರಬೇಕು, ಅಂಗಳದ ಮೂಲೆಯಲ್ಲಿ ತಾನಾಗಿ ಬೆಳೆದುಕೊಂಡಿರುವುದೆಲ್ಲ ಹೆಸರಿಗಷ್ಟೇ ಲಿಲ್ಲಿ ಎಂಬ ಅಭಿಪ್ರಾಯ ನಮ್ಮ ಊರುಗಳ ಹೂಪ್ರಿಯರಲ್ಲಿ ಗಟ್ಟಿಯಾಗಿ ಕೂತಿದೆ. ನರ್ಸರಿಗಳಲ್ಲಿ, ಮೊಬೈಲಿನ ಜಾಹೀರಾತುಗಳಲ್ಲಿ, ತಾರಸಿ ತೋಟದ ವೀಡಿಯೊಗಳಲ್ಲಿ ಏಷಿಯಾಟಿಕ್, ಓರಿಯೆಂಟಲ್ ಎಂಬ ಹೆಸರುಗಳೇ ಮೆರೆಯುತ್ತವೆ. ಈ ಅಭಿಪ್ರಾಯಕ್ಕೆ ಇನ್ನೊಂದು ಬಾಲವೂ ಇದೆ: ಈ ಗೆಡ್ಡೆಗಳನ್ನು ಒಮ್ಮೆ ನೆಟ್ಟರೆ ಸಾಕು, ಚೆನ್ನಾಗಿ ನೋಡಿಕೊಂಡರೆ ವರ್ಷ ವರ್ಷವೂ ಹೂ ಬಿಡುತ್ತವೆ, ಬಿಡದಿದ್ದರೆ ನೆಟ್ಟವರ ಕೈಗುಣ ಸರಿಯಿಲ್ಲ. ಮೊದಲನೆಯ ಮಾತು ತಪ್ಪು. ಎರಡನೆಯದು ತಪ್ಪಷ್ಟೇ ಅಲ್ಲ, ಅನ್ಯಾಯ. ಶ್ರದ್ಧೆಯಿಂದ ನೀರು, ಗೊಬ್ಬರ ಹಾಕಿದವರು ಎರಡನೆಯ ವರ್ಷ ಬರಿಯ ಎಲೆ ಕಂಡು, ಮೂರನೆಯ ವರ್ಷ ಅದೂ ಇಲ್ಲದ ಕುಂಡ ಕಂಡು, ತಮಗೆ ಲಿಲ್ಲಿ ಒಲಿಯುವುದಿಲ್ಲ ಎಂದು ಕೈಚೆಲ್ಲುತ್ತಾರೆ. ಒಲಿಯದಿರುವುದು ಅವರಿಗಲ್ಲ, ನಮ್ಮ ಹವೆಗೆ. ಇದನ್ನು ಮಾರುವವರು ಹೇಳುವುದಿಲ್ಲ, ಹೇಳಬೇಕಾದವರೂ ಹೇಳುತ್ತಿಲ್ಲ.

ಈ ಗೆಡ್ಡೆಗಳು ಸೇರುವ ಲಿಲಿಯಂ ಕುಲದಲ್ಲಿ ಸುಮಾರು ನೂರು ಪ್ರಭೇದಗಳಿವೆ. ಹೆಚ್ಚುಕಡಿಮೆ ಎಲ್ಲವೂ ಉತ್ತರಾರ್ಧಗೋಳದ ತಂಪು ನಾಡಿನವು. ಇವತ್ತು ಮಾರುಕಟ್ಟೆಯಲ್ಲಿರುವ ಓರಿಯೆಂಟಲ್ ತಳಿಗಳ ಪೂರ್ವಜರು ಜಪಾನಿನ ಬೆಟ್ಟಗಳ ಔರೇಟಮ್ ಮತ್ತು ಸ್ಪೆಸಿಯೋಸಮ್ ಲಿಲ್ಲಿಗಳು. ಏಷಿಯಾಟಿಕ್ ತಳಿಗಳ ಬೇರು ಚೀನಾ ಮತ್ತು ಅದರ ಸುತ್ತಲಿನ ಚಳಿನಾಡುಗಳಲ್ಲಿದೆ. ಅಲ್ಲಿ ಚಳಿಗಾಲ ಬಂದರೆ ನೆಲ ತಿಂಗಳುಗಟ್ಟಲೆ ತಣ್ಣಗಿರುತ್ತದೆ. ಆ ಶೀತವೇ ಗೆಡ್ಡೆಗೆ ಕಾಲದ ಸೂಚನೆ. ಅದನ್ನು ಉಂಡ ಮೇಲೆಯೇ ಒಳಗಿನ ಮೊಳಕೆ ಎದ್ದು, ಕಾಂಡ ಸಮನಾಗಿ ಉದ್ದಗೊಂಡು, ಮೊಗ್ಗು ಕಟ್ಟುತ್ತದೆ. ಆದ್ದರಿಂದಲೇ ವಾಣಿಜ್ಯವಾಗಿ ಬೆಳೆಯುವವರು ಗೆಡ್ಡೆಯನ್ನು ತೇವದ ಪುಡಿಯಲ್ಲಿ ಹುದುಗಿಸಿ, 2ರಿಂದ 5 ಡಿಗ್ರಿ ಸೆಲ್ಸಿಯಸ್‌ನ ಶೀತಲಗೃಹದಲ್ಲಿ ಆರರಿಂದ ಹತ್ತು ವಾರ ಇಡುತ್ತಾರೆ. ಈಗ ಬೆಂಗಳೂರನ್ನು ನೋಡಿ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ, ತಂಪಿಗೆ ಹೆಸರಾದ ಊರು. ಅಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರ ಒಂದು ರಾತ್ರಿ. ಅಂದರೆ ಇಷ್ಟು ಕಾಲದ ದಾಖಲೆಯಲ್ಲಿ ಬೆಂಗಳೂರು ಕಂಡ ಅತಿ ದೊಡ್ಡ ಚಳಿಯೂ ಶೀತಲಗೃಹದ ಆ ಮಟ್ಟಕ್ಕೆ ಇಳಿದಿಲ್ಲ. ಐದು ಡಿಗ್ರಿಗಿಂತ ಒಂದಿಷ್ಟು ಮೇಲಿದ್ದರೂ ಗೆಡ್ಡೆ ತನ್ನ ಲೆಕ್ಕ ಹೇಗೋ ಹೊಂದಿಸಿಕೊಂಡೀತು. ಆದರೆ ಬೆಂಗಳೂರಿನ ಜನವರಿಯ ರಾತ್ರಿಗಳು ಸಾಮಾನ್ಯವಾಗಿ ಹದಿನೈದರ ಆಸುಪಾಸಿನಲ್ಲಿರುತ್ತವೆ, ಹಗಲು ಅದರ ಹೆಚ್ಚುಕಡಿಮೆ ಎರಡರಷ್ಟಕ್ಕೆ ಏರುತ್ತದೆ. ಮಂಗಳೂರು, ರಾಯಚೂರುಗಳ ಮಾತು ಎತ್ತುವುದೇ ಬೇಡ.

ಹಾಗಾದರೆ ಪಕ್ಕದ ಮನೆಯ ತಾರಸಿಯಲ್ಲಿ ಅಂಗೈಯಗಲದ ಗುಲಾಬಿ ಲಿಲ್ಲಿ ಅರಳಿದ್ದು ಹೇಗೆ? ಈ ಪ್ರಶ್ನೆಯೇ ಆ ಅಭಿಪ್ರಾಯದ ಏಕೈಕ ಆಧಾರ, ಉತ್ತರವೂ ಇದರೊಳಗೇ ಇದೆ. ಅಂಗಡಿಗೆ ಬಂದ ಗೆಡ್ಡೆ ತಂಪು ದೇಶದ ಹೊಲದಲ್ಲಿ ಬಲಿತು, ಪಿಷ್ಟ ತುಂಬಿಕೊಂಡು, ಸುತ್ತಳತೆಯ ಸೆಂಟಿಮೀಟರಿನಲ್ಲಿ ವಿಂಗಡಣೆಯಾಗಿ, ರಫ್ತುದಾರನ ಶೀತಲಗೃಹದಲ್ಲಿ ಬೇಕಾದಷ್ಟು ಚಳಿ ಉಂಡು ಬಂದಿರುತ್ತದೆ. ನಾವು ಕೊಡುವುದು ನೀರು ಮತ್ತು ಬೆಳಕು ಮಾತ್ರ. ಅಡುಗೆ ಮಾಡಿದವರು ಬೇರೆ, ಬಡಿಸಿದವರು ನಾವು. ಮೊದಲ ವರ್ಷದ ಹೂವು ಆ ಶೀತಲಗೃಹದ ಕೆಲಸಕ್ಕೆ ಸಾಕ್ಷಿಯೇ ಹೊರತು ನಮ್ಮ ಮಣ್ಣಿಗೆ, ನಮ್ಮ ಹವೆಗೆ ಸಾಕ್ಷಿಯಲ್ಲ. ಒಂದು ಗಿಡ ಒಗ್ಗಿತೋ ಇಲ್ಲವೋ ಎಂಬುದನ್ನು ಅದರ ಎರಡನೆಯ, ಮೂರನೆಯ ವರ್ಷದ ಹೂವಿನಿಂದ ಅಳೆಯಬೇಕು. ಆ ಅಳತೆಯ ಫೋಟೊಗಳು ಎಲ್ಲೂ ಕಾಣುವುದಿಲ್ಲ. ನೆಟ್ಟ ಎರಡು ಮೂರು ತಿಂಗಳಿಗೆ ಅರಳಿದ ಹೂವಿನ ಮುಂದೆ ನಿಂತು ತೆಗೆದ ವೀಡಿಯೊ ಊರೆಲ್ಲ ಸುತ್ತುತ್ತದೆ, ಮರುವರ್ಷದ ಕುಂಡವನ್ನು ಯಾರೂ ತೋರಿಸುವುದಿಲ್ಲ. ಜನಾಭಿಪ್ರಾಯ ಬೆಳೆದಿರುವುದು ಈ ಅರ್ಧ ಸಾಕ್ಷ್ಯದ ಮೇಲೆ.

ಚಳಿಯ ಕೊರತೆಯೊಂದೇ ಆಗಿದ್ದರೆ ಗಿಡ ಹೂ ಬಿಡದೆ ಎಲೆಯಾಗಿಯಾದರೂ ಉಳಿಯುತ್ತಿತ್ತು. ಅದು ಸಾಯುವುದಕ್ಕೆ ಕಾರಣ ಗೆಡ್ಡೆಯ ರಚನೆಯಲ್ಲಿದೆ. ಈರುಳ್ಳಿಗಿರುವಂಥ ಒಣಸಿಪ್ಪೆಯ ಹೊದಿಕೆ ಲಿಲಿಯಂಗೆ ಇಲ್ಲ. ಮೆತ್ತಗಿನ ಎಸಳುಗಳು ಒಂದರ ಪಕ್ಕ ಒಂದು ಬರಿಮೈಯಲ್ಲಿ ಸೇರಿಕೊಂಡಿರುತ್ತವೆ. ಒಣಗಲು ಬಿಟ್ಟರೆ ಬಾಡುತ್ತದೆ, ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಬುಡ ಕೊಳೆಯುತ್ತದೆ. ನಮ್ಮ ಏಪ್ರಿಲ್ ಅದನ್ನು ಕಾಯಿಸುತ್ತದೆ, ಜೂನ್ ಬಂತೆಂದರೆ ಆ ಕಾದ ಮಣ್ಣಿಗೇ ಮಳೆ ಸುರಿಯುತ್ತದೆ. ಫ್ಯುಸೇರಿಯಮ್ ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಬೇಕಿಲ್ಲ. ಜೊತೆಗೆ, ಸೆಕೆಯ ರಾತ್ರಿಗಳಲ್ಲಿ ಗಿಡ ಹಗಲು ಕೂಡಿಟ್ಟ ಆಹಾರವನ್ನು ಉಸಿರಾಟದಲ್ಲೇ ಖರ್ಚು ಮಾಡುವುದರಿಂದ, ಬದುಕುಳಿದ ಗೆಡ್ಡೆಯೂ ದಪ್ಪವಾಗುವ ಬದಲು ಸಣ್ಣಗಾಗುತ್ತದೆ, ಒಡೆದು ಬೆರಳತುದಿಯಷ್ಟು ಮರಿಗಳಾಗುತ್ತದೆ. ಕೊಟ್ಟಿಗೆ ಗೊಬ್ಬರ ಹೆಚ್ಚಿಸಿದರೆ ಇದು ಸರಿಹೋಗುವುದಿಲ್ಲ. ಇಲ್ಲಿ ಕೈಗುಣದ ಪ್ರಶ್ನೆ ಎಲ್ಲಿದೆ?

ಇದಕ್ಕೆ ಜಾಣರು ಕೊಡುವ ಪರಿಹಾರ ಫ್ರಿಜ್ಜು. ಹೂವಿನ ನಂತರ ಗೆಡ್ಡೆ ಕಿತ್ತು, ತೇವದ ಕೋಕೋಪೀಟಿನಲ್ಲಿ ಸುತ್ತಿ, ಎರಡು ತಿಂಗಳು ತರಕಾರಿ ಡಬ್ಬಿಯಲ್ಲಿಟ್ಟು ನೆಡಿ ಎನ್ನುತ್ತಾರೆ. ಅಸಾಧ್ಯವೆಂದು ನಾನು ಹೇಳುವುದಿಲ್ಲ, ಕೆಲವರಿಗೆ ಅದರಿಂದ ಮತ್ತೊಂದು ಹೂವು ಸಿಗುವುದೂ ಉಂಟು. ಆದರೆ ಫ್ರಿಜ್ಜು ಚಳಿ ಕೊಡಬಲ್ಲುದು, ತೂಕ ಕೊಡಲಾರದು. ಬೇಸಿಗೆಯಲ್ಲಿ ಅರ್ಧಕ್ಕೆ ಇಳಿದ ಗೆಡ್ಡೆಗೆ ಎಷ್ಟು ಚಳಿ ಉಣಿಸಿದರೂ ಐದು ಮೊಗ್ಗಿನ ಕಾಂಡ ಬರುವುದಿಲ್ಲ. ಅದೇ ಫ್ರಿಜ್ಜಿನಲ್ಲಿರುವ ಸೇಬು, ಮಾವು ಬಿಡುಗಡೆ ಮಾಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗಿಗೆ ಹಾನಿ ಮಾಡುತ್ತದೆ. ಕತ್ತರಿಸಿ ಮಾರುವ ಹೂವಿಗಾಗಿ ಲಿಲಿಯಂ ಬೆಳೆಯುವವರಿಗೆ ಪಾಲಿಹೌಸು, ಶೀತಲಗೃಹ ಎರಡರ ಅನುಕೂಲವೂ ಇರುತ್ತದೆ. ಅವರೇ ಸಾಮಾನ್ಯವಾಗಿ ಪ್ರತಿ ಬೆಳೆಗೂ ಹೊಸ ಗೆಡ್ಡೆ ಕೊಳ್ಳುತ್ತಾರೆ. ಕಸುಬಿನವರು ಮಾಡದ ಕೆಲಸವನ್ನು ಮನೆಯವರು ಮಾಡಬೇಕೆಂದು ಉಪದೇಶಿಸುವುದರಲ್ಲಿ ನ್ಯಾಯವಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಚೆಂಡುಹೂವು, ಆಸ್ಟರ್‌ಗಳನ್ನೂ ಒಂದೇ ಋತುವಿಗೆ ಬೆಳೆದು ಕಿತ್ತೆಸೆಯುವುದಿಲ್ಲವೇ, ಲಿಲ್ಲಿಯನ್ನೂ ಹಾಗೇ ಬೆಳೆದರೆ ಏನು ತಪ್ಪು ಎಂದು ಕೇಳಬಹುದು. ತಿಳಿದೇ ಕೊಳ್ಳುವವರ ಮೇಲೆ ನನ್ನ ತಕರಾರಿಲ್ಲ. ಹಬ್ಬಕ್ಕೋ ಮದುವೆಗೋ ಒಂದು ಸಲದ ಹೂವು ಬೇಕೆಂದು ದುಡ್ಡು ಕೊಡುವುದು ಅವರವರ ಇಷ್ಟ. ಆದರೆ ಚೆಂಡುಹೂವನ್ನು ಯಾರೂ ಬಹುವಾರ್ಷಿಕ ಎಂದು ಹೇಳಿ ಮಾರುವುದಿಲ್ಲ, ಅದರ ಬೀಜ ಮುಂದಿನ ವರ್ಷಕ್ಕೆ ನಮ್ಮ ಮನೆಯಲ್ಲೇ ಸಿಗುತ್ತದೆ. ಲಿಲ್ಲಿಯ ಗೆಡ್ಡೆಯಾದರೋ ವರ್ಷಗಳ ಕಾಲ ಬೇರೊಂದು ನೆಲ ಕೂಡಿಟ್ಟ ಉಳಿತಾಯ. ಅದನ್ನು ಶೀತಲ ಪೆಟ್ಟಿಗೆಯಲ್ಲಿ ಖಂಡ ದಾಟಿಸಿ ತಂದು ಹತ್ತು ದಿನದ ಹೂವಿಗೆ ಮುಗಿಸುವುದನ್ನು ‘ಒಮ್ಮೆ ನೆಡಿ, ವರ್ಷ ವರ್ಷ ಹೂ ಪಡೆಯಿರಿ’ ಎಂಬ ಚೀಟಿ ಅಂಟಿಸಿ ಮಾರುವುದು ಮೋಸ. ನೀಲಿ ಲಿಲ್ಲಿ, ಕಾಮನಬಿಲ್ಲಿನ ಲಿಲ್ಲಿ ಎಂದು ಬಣ್ಣ ಬದಲಿಸಿದ ಚಿತ್ರ ತೋರಿಸಿ ಗೆಡ್ಡೆ ಮಾರುವವರೂ ಇದೇ ಗಾಳಿಯಲ್ಲಿ ತೂರಿಕೊಳ್ಳುತ್ತಿದ್ದಾರೆ. ಲಿಲಿಯಂ ಹೂವು ಸಹಜವಾಗಿ ನೀಲಿ ಬಣ್ಣ ಕಟ್ಟುವುದಿಲ್ಲ, ಅಂಥ ಗೆಡ್ಡೆ ಯಾವ ಅಂಗಡಿಯಲ್ಲೂ ಇಲ್ಲ. ಈ ಚಪಲ ಹೊಸದೂ ಅಲ್ಲ. 1862ರಲ್ಲಿ ಔರೇಟಮ್ ಲಿಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಾಗ ಇಂಗ್ಲೆಂಡಿನ ತೋಟಗಾರರು ಮರುಳಾದರು. ಜಪಾನಿನಿಂದ ಹಡಗುಗಳಲ್ಲಿ ರಾಶಿ ರಾಶಿ ಗೆಡ್ಡೆ ಬಂತು, ಅದರಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಸೊರಗಿಹೋಯಿತು. ಚಳಿಯಿದ್ದ ನಾಡಿನ ಕತೆಯೇ ಹೀಗೆ.

ದಕ್ಷಿಣ ಭಾರತದಲ್ಲೂ ಕಾಡುಲಿಲ್ಲಿ ಇದೆಯಲ್ಲ ಎಂದು ಬಲ್ಲವರು ಕೇಳಿಯಾರು. ಇದೆ. 1853ರಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಹೆಸರಿಟ್ಟ ನೀಲಗಿರಿ ಲಿಲ್ಲಿ, ಉದ್ದ ಕೊಳವೆಯ ಬಿಳಿ ಹೂವಿನದು, ಇಡೀ ಲಿಲಿಯಂ ಕುಲದಲ್ಲೇ ಅತ್ಯಂತ ದಕ್ಷಿಣದ ಪ್ರಭೇದ. ಅದು ಬೆಳೆಯುವುದು ನೀಲಗಿರಿ, ಪಳನಿ ಬೆಟ್ಟಗಳ ಎತ್ತರದಲ್ಲಿ, ಮಂಜು ಮತ್ತು ಗಾಳಿಯ ನಡುವೆ. ಬಯಲಿಗೆ ಇಳಿದಿಲ್ಲ. ದಕ್ಷಿಣಕ್ಕೆ ಬಂದ ಒಂದೇ ಒಂದು ಲಿಲ್ಲಿ ಬೆಟ್ಟದ ತುದಿಯನ್ನೇ ಹಿಡಿದು ಕೂತಿದೆ ಎಂಬುದು ನನ್ನ ವಾದವನ್ನೇ ಎತ್ತಿ ಹಿಡಿಯುತ್ತದೆ. ಅದನ್ನು ಕಿತ್ತು ತಂದು ಕುಂಡದಲ್ಲಿ ಸಾಯಿಸುವ ಆಸೆ ಯಾರಿಗೂ ಬಾರದಿರಲಿ.

ಹಾಗಾದರೆ ನಮ್ಮ ನೆಲ ಯಾವ ಗೆಡ್ಡೆಯನ್ನು ಬಯಸುತ್ತದೆ? ನಮ್ಮಲ್ಲಿ ವರ್ಷವನ್ನು ಇಬ್ಭಾಗ ಮಾಡುವುದು ಚಳಿಯಲ್ಲ, ಮಳೆ. ಸ್ವಾತಿ ಮಳೆ ಮುಗಿದ ಮೇಲೆ ನೆಲ ಒಣಗುತ್ತ ಹೋಗಿ, ಮತ್ತೆ ರೋಹಿಣಿ, ಮೃಗಶಿರೆಗೆ ನೆನೆಯುತ್ತದೆ. ಒಣಗುವುದನ್ನು ವಿಶ್ರಾಂತಿಯೆಂದು, ನೆನೆಯುವುದನ್ನು ಕರೆಯೆಂದು ಓದಬಲ್ಲ ಗೆಡ್ಡೆಗಳೇ ಇಲ್ಲಿ ಬಾಳುತ್ತವೆ. ಅಂಥವು ಬೇಕಾದಷ್ಟಿವೆ. ಮಳೆ ಲಿಲ್ಲಿಯನ್ನು ನೋಡಿ: ವಾರಗಟ್ಟಲೆ ಒಣಗಿದ ಕುಂಡಕ್ಕೆ ಒಂದು ಒಳ್ಳೆಯ ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಬರಿಮಣ್ಣಿನಿಂದ ಹೂಗಳು ಒಟ್ಟಿಗೆ ಏಳುತ್ತವೆ. ಅಗಲ ಬಾಯಿಯ ಕುಂಡದಲ್ಲಿ, ಎರಡು ಮೂರು ಬೆರಳು ಆಳಕ್ಕೆ, ಒತ್ತೊತ್ತಾಗಿ ನೆಟ್ಟರೆ ಬೇರೇನೂ ಬೇಡ. ಅಮರಿಲ್ಲಿಸ್ ಎಂದು ನಾವು ಕರೆಯುವ ಹಿಪ್ಪಿಯಾಸ್ಟ್ರಮ್ ಇನ್ನೂ ಸೊಗಸಾದ ಉದಾಹರಣೆ. ಅದರ ಗೆಡ್ಡೆಯೊಳಗೆ ಹೆಚ್ಚುಕಡಿಮೆ ನಾಲ್ಕು ಎಲೆಗೊಂದರಂತೆ ಹೂಗೊನೆಯ ಮೊಗ್ಗು ಕಟ್ಟುತ್ತದೆ. ಚಳಿಗಾಗಿ ಕಾಯುವುದಿಲ್ಲ, ಎಲೆ ಚೆನ್ನಾಗಿ ಬೆಳೆದರೆ ಸಾಕು. ಮಳೆಗಾಲವಿಡೀ ಬಿಸಿಲಿನಲ್ಲಿ ಎಲೆ ಬೆಳೆಸಿ, ನವೆಂಬರಿನಿಂದ ಎರಡು ತಿಂಗಳು ನೀರು ನಿಲ್ಲಿಸಿ, ಬೇಸಿಗೆಯ ಮುಂಚೆ ಮತ್ತೆ ನೀರು ಕೊಟ್ಟರೆ ಮಾರ್ಚ್‌ನಿಂದ ಮೇ ತನಕದ ಅವಧಿಯಲ್ಲಿ ತುತ್ತೂರಿಯಂಥ ಹೂಗಳು. ನೆಡುವಾಗ ಕತ್ತು ಮಣ್ಣಿನ ಮೇಲಿರಬೇಕು, ಅದೊಂದು ಮರೆಯಬಾರದು. 1799ರಲ್ಲಿ ಇಂಗ್ಲೆಂಡಿನ ಗಡಿಯಾರ ಕೆಲಸಗಾರ ಆರ್ಥರ್ ಜಾನ್ಸನ್ ಬೆರಕೆ ಮಾಡಿದ ಕೆಂಪಿನ ಮೇಲೆ ಬಿಳಿ ಗೆರೆಯ ಜಾನ್ಸೋನಿ ತಳಿ ಇನ್ನೂರು ವರ್ಷ ದಾಟಿ ಇವತ್ತಿಗೂ ಬೆಚ್ಚಗಿನ ನಾಡುಗಳ ಅಂಗಳಗಳಲ್ಲಿ ಬಾಳುತ್ತಿದೆ. ಸ್ಕ್ಯಾಡಾಕ್ಸಸ್, ಅಂದರೆ ನಮ್ಮ ಫುಟ್‌ಬಾಲ್ ಲಿಲ್ಲಿ, ಚಳಿಗಾಲದಲ್ಲಿ ಮಣ್ಣಿನಡಿ ಮಲಗಿ, ಮುಂಗಾರಿನ ಮೊದಲ ಹನಿಗಳಿಗೆ ಕೆಂಪು ಚೆಂಡನ್ನು ಮೇಲೆತ್ತುತ್ತದೆ.

ಇದು ಸ್ವದೇಶಿಯ ವಾದವೆಂದು ತಳ್ಳಿಹಾಕುವವರು ಮೇಲಿನ ಪಟ್ಟಿಯನ್ನೇ ಗಮನಿಸಬೇಕು. ಗುಲಾಬಿ ಮಳೆ ಲಿಲ್ಲಿ ಮೆಕ್ಸಿಕೋ, ಮಧ್ಯ ಅಮೆರಿಕದ್ದು, ಬಿಳಿಯದು ಅರ್ಜೆಂಟೀನಾದ ಕಡೆಯದು. ಹಿಪ್ಪಿಯಾಸ್ಟ್ರಮ್ ದಕ್ಷಿಣ ಅಮೆರಿಕದಿಂದ, ಸ್ಕ್ಯಾಡಾಕ್ಸಸ್ ಆಫ್ರಿಕಾದಿಂದ ಬಂದವು. ನಾವು ದೇವರಿಗೆ ಏರಿಸುವ ಸುಗಂಧರಾಜವೂ ಮೆಕ್ಸಿಕೋದ ಗೆಡ್ಡೆ. ಅದನ್ನು ಇಲ್ಲಿಯ ಹವೆಯಲ್ಲೇ ತಿದ್ದಿ ಶೃಂಗಾರ, ಪ್ರಜ್ವಲ್, ವೈಭವ, ಸುವಾಸಿನಿ ಎಂಬ ತಳಿಗಳನ್ನು ಕೊಟ್ಟದ್ದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಹುಟ್ಟೂರು ಯಾವುದಾದರೂ ಇರಲಿ, ಇಲ್ಲಿಯ ಮಳೆ ಬಿಸಿಲಿನ ಲಯಕ್ಕೆ ಕೂಡುತ್ತದೆಯೇ ಎಂಬುದೊಂದೇ ನನ್ನ ಪ್ರಶ್ನೆ. ಹಾಲೆಂಡಿನವರು ಮಾರುವ ಹಿಪ್ಪಿಯಾಸ್ಟ್ರಮ್ ಗೆಡ್ಡೆಯನ್ನು ಯಾರಾದರೂ ತರಿಸಿದರೆ ಸಂತೋಷವೇ, ಅದು ಇಲ್ಲಿ ಸಂಸಾರ ಹೂಡೀತು.

ಇವು ನಿಜವಾದ ಲಿಲ್ಲಿಗಳಲ್ಲ ಎಂಬ ಆಕ್ಷೇಪ ಸಸ್ಯಶಾಸ್ತ್ರದಲ್ಲಿ ಸರಿ. ಬಹಳಷ್ಟು ಅಮರಿಲ್ಲಿಡೇಸಿ ಕುಟುಂಬಕ್ಕೆ ಸೇರುತ್ತವೆ, ಮುಂದೆ ಹೇಳಲಿರುವ ಅಗ್ನಿಶಿಖೆ ಇನ್ನೊಂದಕ್ಕೆ. ಆದರೆ ಹೂವಿನ ಪಾತಿಯನ್ನು ಕುಟುಂಬದ ಹೆಸರಿನಿಂದ ಅಂದಗಾಣಿಸುವವರು ಯಾರೂ ಇಲ್ಲ. ಆ ಆಕ್ಷೇಪದ ಹಿಂದೆ ಇರುವುದು ಶಾಸ್ತ್ರವಲ್ಲ, ಸಿಕ್ಕುವುದು ಸುಲಭವಾದರೆ ಬೆಲೆ ಕಡಿಮೆ ಎಂಬ ಎಣಿಕೆ. ಸ್ಪೈಡರ್ ಲಿಲ್ಲಿಗೆ ಆಗಿರುವ ಅವಮಾನ ಅದರಿಂದಲೇ. ರಸ್ತೆ ನಡುವಿನ ವಿಭಜಕದಲ್ಲಿ ಹೊಗೆ ಕುಡಿದುಕೊಂಡು ಬೆಳೆಯುತ್ತದೆಂದು ಅದನ್ನು ಮನೆಗೆ ಸೇರಿಸುವುದಿಲ್ಲ. ಹೊಗೆ, ಬರ, ನಿಂತ ನೀರು ಮೂರನ್ನೂ ತಾಳಿ ಬಿಳಿ ಹೂವು ಬಿಡುವ ಗಿಡಕ್ಕೆ ಅದು ಪ್ರಶಸ್ತಿಪತ್ರವಾಗಬೇಕಿತ್ತು. ಕಡಲಂಚಿನ ಕ್ರೈನಮ್ ಏಷಿಯಾಟಿಕಮ್ ನಮ್ಮದೇ ನಾಡಿನ ಗಿಡ. ಆಳೆತ್ತರ ಬೆಳೆದು, ಇಪ್ಪತ್ತಕ್ಕೂ ಹೆಚ್ಚು ಹೂವಿನ ಗೊಂಚಲು ಎತ್ತಿ, ಸಂಜೆಯಾಗುತ್ತಲೇ ಇರುಳಿನ ಪತಂಗಗಳನ್ನು ಕರೆಯುವ ಕಂಪು ಹರಡುತ್ತದೆ. ಕುಂಡ ಅದಕ್ಕೆ ಸಾಲದು, ನೆಲ ಬೇಕು, ಒಮ್ಮೆ ಬೇರುಬಿಟ್ಟರೆ ದಶಕಗಟ್ಟಲೆ ಇರುತ್ತದೆ. ಪಶ್ಚಿಮಘಟ್ಟದ ಪ್ಯಾಂಕ್ರೇಷಿಯಮ್‌ಗಳ ಸೊಬಗನ್ನು ನಮ್ಮ ನರ್ಸರಿಗಳು ಇನ್ನೂ ಕಣ್ಣೆತ್ತಿ ನೋಡಿಲ್ಲ. ಮಳೆ ಲಿಲ್ಲಿಯ ಹೂವು ಒಂದೆರಡು ದಿನಕ್ಕೆ ಬಾಡುತ್ತದೆ, ಓರಿಯೆಂಟಲ್ ಹೂವು ವಾರ ದಾಟಿ ನಿಲ್ಲುತ್ತದೆ ಎಂಬ ಮಾತು ಒಪ್ಪತಕ್ಕದ್ದೇ. ಆದರೆ ವಾರ ನಿಂತ ಹೂವು ವರ್ಷಕ್ಕೊಮ್ಮೆ, ಅದೂ ಮೊದಲ ವರ್ಷ ಮಾತ್ರ. ಎರಡು ದಿನದ್ದು ಮಳೆಗಾಲದಲ್ಲಿ ಹದಮಳೆ ಬಿದ್ದಾಗಲೆಲ್ಲ ಮರಳುತ್ತದೆ, ಗೆಡ್ಡೆ ಕೊಟ್ಟ ಮನೆಯಲ್ಲೂ ಪಡೆದ ಮನೆಯಲ್ಲೂ.

ಗೌರಿ ಹೂವು ಎಂದು ಮಲೆನಾಡಿನವರು ಬಲ್ಲ ಅಗ್ನಿಶಿಖೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎಲೆಯ ತುದಿಯನ್ನೇ ಕುಡಿಬಳ್ಳಿಯಾಗಿಸಿ ಬೇಲಿಗೆ ಸುತ್ತಿಕೊಂಡು ಹತ್ತುವ, ಹಸಿರುಹಳದಿಯಿಂದ ಕಡುಗೆಂಪಿಗೆ ತಿರುಗುವ, ಅಲೆಯಂಚಿನ ದಳಗಳನ್ನು ಹಿಂದಕ್ಕೆ ಚಾಚುವ ಈ ಹೂವಿಗೆ ಸಮವಾದದ್ದು ಹಾಲೆಂಡಿನ ಯಾವ ಕ್ಯಾಟಲಾಗಿನಲ್ಲೂ ಇಲ್ಲ. ಜಿಂಬಾಬ್ವೆ ಇದನ್ನು ರಾಷ್ಟ್ರಪುಷ್ಪ ಮಾಡಿಕೊಂಡಿದೆ, ಪಕ್ಕದ ತಮಿಳುನಾಡು ರಾಜ್ಯಪುಷ್ಪ ಮಾಡಿಕೊಂಡಿದೆ. ನಾವು ಕಾಡಿನದೆಂದು ಬಿಟ್ಟಿದ್ದೇವೆ. ಮುಂಗಾರಿಗೆ ಮುಂಚೆ ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ ನೆಟ್ಟು, ಹತ್ತಲು ಆಸರೆ ಕೊಟ್ಟು, ಹೂವು ಮುಗಿದು ಬಳ್ಳಿ ಒಣಗಿದ ಮೇಲೆ ನೀರು ನಿಲ್ಲಿಸಿದರೆ ಆಯಿತು. ಕವಲಿನಂತಿರುವ ಆ ಗೆಡ್ಡೆಯ ಚಿಗುರು ತುದಿಯಲ್ಲಿರುತ್ತದೆ. ತುದಿ ಮುರಿದರೆ ಆ ಕವಲು ಮೊಳೆಯುವುದಿಲ್ಲ. ಇದರ ವಿಷದ ವಿಷಯ ಮುಚ್ಚಿಡಲಾಗದು: ಗಿಡವೆಲ್ಲ, ಅದರಲ್ಲೂ ಗೆಡ್ಡೆ ಮತ್ತು ಬೀಜ, ಕೊಲ್ಚಿಸಿನ್ ತುಂಬಿಕೊಂಡಿದೆ, ತಿಂದರೆ ಪ್ರಾಣಕ್ಕೇ ಅಪಾಯ. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ಬಿಡುವುದೇ ಒಳ್ಳೆಯದು. ಆದರೆ ವಿಷವನ್ನು ಮುಂದಿಟ್ಟು ಪರದೇಶದ ಗೆಡ್ಡೆಯ ಪರ ವಾದಿಸುವವರು, ಲಿಲಿಯಂನ ಎಲೆ, ದಳ, ಪರಾಗ ಕೂಡ ಬೆಕ್ಕಿನ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತದೆಂಬುದನ್ನೂ ಹೇಳಬೇಕು.

ನಮ್ಮ ಹವೆಯ ಲಿಲ್ಲಿಗಳಿಗೆ ತೊಂದರೆಯೇ ಇಲ್ಲವೆಂದು ಹೇಳಿದರೆ ನಾನೂ ಮಾರುವವರ ಸಾಲಿಗೆ ಸೇರುತ್ತೇನೆ. ಮಳೆಗಾಲದಲ್ಲಿ ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕೆಯ ಲಿಲ್ಲಿ ಕಂಬಳಿಹುಳು ಬಂದರೆ ಕ್ರೈನಮ್, ಸ್ಪೈಡರ್ ಲಿಲ್ಲಿ, ಅಗ್ನಿಶಿಖೆ ಮೂರನ್ನೂ ಬುಡದ ತನಕ ಮೇಯುತ್ತದೆ. ಎಲೆಯಡಿ ಗುಂಪಾಗಿಟ್ಟ ಮೊಟ್ಟೆಯನ್ನು ಉಜ್ಜಿ ತೆಗೆಯುವುದು, ಮರಿಹುಳಗಳನ್ನು ಕೈಯಿಂದ ಆರಿಸುವುದು ಸಾಲುತ್ತದೆ, ಆದರೆ ದಿನವೂ ನೋಡಬೇಕು. ತಿಂದುಹಾಕಿದ ಗಿಡ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ. ಶ್ರಮಕ್ಕೆ ಇಲ್ಲಿ ಫಲವುಂಟು. ನೆಟ್ಟವರ ಕೈಗುಣ ಎಂಬುದಕ್ಕೆ ಅರ್ಥ ಬರುವುದು ಹೀಗೆ ಫಲ ಸಾಧ್ಯವಿರುವ ಕಡೆ ಮಾತ್ರ.

ಇಷ್ಟಾದರೂ ಲಿಲಿಯಂ ಕುಲದ್ದೇ ಬೇಕೆನ್ನುವವರಿಗೆ ದಾರಿಯಿದೆ, ಆದರೆ ಅದು ಏಷಿಯಾಟಿಕ್, ಓರಿಯೆಂಟಲ್ ಪೆಟ್ಟಿಗೆಗಳ ಮೂಲಕ ಹೋಗುವುದಿಲ್ಲ. ತೈವಾನಿನ ಫಾರ್ಮೋಸಾನಮ್ ಲಿಲ್ಲಿ ಕಡಲಮಟ್ಟದಿಂದ ಎತ್ತರದ ಬೆಟ್ಟಗಳ ತನಕ ಬೆಳೆಯುವ ಜಾತಿ. ಬೀಜದಿಂದ ಬೆಳೆಸಿದರೆ ಸುಮಾರು ಒಂದು ವರ್ಷದಲ್ಲೇ ಬಿಳಿ ತುತ್ತೂರಿ ಹೂವು ಬಿಡಬಲ್ಲುದು, ಚಳಿಯ ಹಂಗೂ ಕಡಿಮೆ. ಅದರ ಹತ್ತಿರದ ಬಂಧು, ರ್ಯೂಕ್ಯೂ ದ್ವೀಪಗಳ ಲಾಂಗಿಫ್ಲೋರಮ್, ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನಂಥ ತಂಪು ಊರುಗಳಲ್ಲಿ ಪ್ರಯತ್ನಿಸಬಹುದಾದದ್ದು. ನೀರು ಬಸಿಯುವ ಎತ್ತರದ ಪಾತಿ, ಬುಡಕ್ಕೆ ನೆರಳು, ಕಾಂಡಕ್ಕೆ ಬೆಳಕು ಬೇಕು. ಬೀಜ ಕಟ್ಟಿದ ಮೇಲೆ ಅದನ್ನು ಎಲ್ಲೆಂದರಲ್ಲಿ ಉದುರಲು ಬಿಡಬಾರದು, ಏಕೆಂದರೆ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ಫಾರ್ಮೋಸಾನಮ್ ತೋಟ ದಾಟಿ ಕಳೆಯಾಗಿದೆ.

ಈ ಅಭಿಪ್ರಾಯ ಬದಲಾಗಬೇಕಾದರೆ ಕೊಳ್ಳುವವರಿಗೆ ಬುದ್ಧಿ ಹೇಳಿದರೆ ಸಾಲದು, ಮಾರುವ ಜಾಗದಲ್ಲಿ ಮಾಹಿತಿ ಸಿಗಬೇಕು. ಲಿಲಿಯಂ ಗೆಡ್ಡೆಯ ಪ್ರತಿ ಪೊಟ್ಟಣದ ಮೇಲೆ, ಬಯಲುಸೀಮೆ ಮತ್ತು ಕರಾವಳಿಯಲ್ಲಿ ಇದು ಒಂದು ಋತುವಿನ ಹೂವು ಎಂದು ಕನ್ನಡದಲ್ಲಿ ಬರೆದಿರಬೇಕು. ಲಾಲ್‌ಬಾಗಿನ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಬರುವ ಲಕ್ಷಾಂತರ ಜನ, ಅಲ್ಲಿ ಸಾಲಾಗಿ ನಿಂತ ಲಿಲಿಯಂ ಕುಂಡಗಳನ್ನು ನೋಡಿ ನಮ್ಮ ಮನೆಯಲ್ಲೂ ಹೀಗೆಯೇ ಎಂದುಕೊಂಡು ಹೊರಬರುತ್ತಾರೆ. ಆ ಕುಂಡಗಳ ಪಕ್ಕದಲ್ಲಿ ಗೆಡ್ಡೆ ಎಲ್ಲಿಂದ ಬಂತು, ಎಷ್ಟು ವಾರ ಶೀತಲಗೃಹದಲ್ಲಿತ್ತು ಎಂಬ ಫಲಕ ಇಡಬೇಕು. ಆಗಸ್ಟಿನ ಪ್ರದರ್ಶನದಲ್ಲಿ ಮಳೆ ಲಿಲ್ಲಿ, ಕ್ರೈನಮ್, ಅಗ್ನಿಶಿಖೆಗಳಿಗೆ ಅವುಗಳದೇ ಪಾತಿ ಕೊಡಬೇಕು, ಅದು ಅವುಗಳ ಕಾಲವೂ ಹೌದು. ತೋಟಗಾರಿಕಾ ಇಲಾಖೆಯ ನರ್ಸರಿಗಳು ಇವುಗಳ ಗೆಡ್ಡೆಯನ್ನು ಕಾಡಿನಿಂದ ಕೀಳಿಸದೆ ತಮ್ಮಲ್ಲೇ ಬೆಳೆಸಿ, ಹೆಸರಿನ ಚೀಟಿಯೊಂದಿಗೆ ಮಾರಬೇಕು. ಅಗ್ನಿಶಿಖೆಯ ಚೀಟಿಯ ಮೇಲೆ ವಿಷದ ಎಚ್ಚರಿಕೆ ದೊಡ್ಡ ಅಕ್ಷರದಲ್ಲಿರಬೇಕು.